ಓದುಗರ ಪ್ರಶ್ನೆ, ನಮ್ಮ ಉತ್ತರ: ಖಾಲಿ ಅಲ್ಯೂಮಿನಿಯಂ ಕ್ಯಾನು ಅದುಮುವ ಕೈಯಂತ್ರ

ಪ್ರಶ್ನೆ: ಮೈಸೂರಿನ ಕುವೆಂಪುನಗರದ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಕಾರ್ಯದರ್ಶಿ ನಾನು. ನಮ್ಮಲ್ಲಿ ಹಸಿ ಕಸ, ಒಣ ಕಸ ಬೇರ್ಪಡಿಸುವ ಪದ್ಧತಿ ಚೆನ್ನಾಗಿ ನಡೆದುಕೊಂಡು ಬಂದಿದೆ. ಆದರೆ ತಂಪುಪಾನೀಯದ ಅಲ್ಯೂಮಿನಿಯಂ ಕ್ಯಾನುಗಳು ಮಾತ್ರ ಗುಜರಿಗೆ ಹಾಕುವಷ್ಟು ತೂಕ ಬರುವ ಮೊದಲೇ ಜಾಗವನ್ನೆಲ್ಲ ತುಂಬಿಬಿಡುತ್ತವೆ. ಅವನ್ನು ತುಳಿದು ಚಪ್ಪಟೆ ಮಾಡಲು ಹೋಗಿ ನಮ್ಮ ಕಾವಲುಗಾರರ ಪಾದ ಉಳುಕಿತು. ಬಡಗಿಯೊಬ್ಬರ ನೆರವಿನಿಂದ ಗೋಡೆಗೆ ಕೂರಿಸುವಂಥ ಕೈಯಂತ್ರವನ್ನು ನಾವೇ ಮಾಡಿಕೊಳ್ಳಬೇಕೆಂದಿದ್ದೇವೆ. ಅಳತೆಗಳ ಸಹಿತ ತಿಳಿಸುವಿರಾ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ತುಳಿಯುವುದನ್ನು ನೀವು ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಕ್ಯಾನು ಪಾದದಡಿಯಲ್ಲಿ ಯಾವ ಕಡೆಗೆ ಜಾರುತ್ತದೆಂದು ಮೊದಲೇ ಹೇಳಲಾಗುವುದಿಲ್ಲ. ಹರಿದ ತಗಡಂತೂ ಚಪ್ಪಲಿಯ ಅಂಚಿನಲ್ಲಿ ಹೊರಗುಳಿದ ಬೆರಳನ್ನು ಕೊಯ್ದುಬಿಡುತ್ತದೆ.

ಅಳತೆಗೆ ಹೋಗುವ ಮೊದಲು ಕ್ಯಾನಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳಬೇಕು, ಏಕೆಂದರೆ ಯಂತ್ರದ ಪ್ರತಿಯೊಂದು ಭಾಗದ ಅಳತೆಯೂ ಅದರಿಂದಲೇ ಬರುತ್ತದೆ. ಸಾಮಾನ್ಯವಾದ 330 ಮಿ.ಲೀ. ಕ್ಯಾನಿನ ವ್ಯಾಸ ಸುಮಾರು 66 ಮಿ.ಮೀ., ಎತ್ತರ ಸುಮಾರು 115 ಮಿ.ಮೀ. ಖಾಲಿ ಕ್ಯಾನಿನ ತೂಕ 13ರಿಂದ 15 ಗ್ರಾಂ ಮಾತ್ರ. ಎಂದರೆ ಒಂದು ಕೆ.ಜಿ.ಗೆ ಸುಮಾರು 70 ಕ್ಯಾನು ಬೇಕು. ನಡುವಿನ ಗೋಡೆಯ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿದ್ದು, ಒಳಗಿನ ಅನಿಲದ ಒತ್ತಡ ತಡೆಯಬೇಕಾದ ಗುಳಿಬಿದ್ದ ತಳ ಮತ್ತು ಮೇಲಿನ ಮುಚ್ಚಳ ಅದರ ಎರಡು ಪಟ್ಟಿಗಿಂತ ದಪ್ಪವಾಗಿರುತ್ತವೆ. ಆದ್ದರಿಂದ ಅದುಮಿದಾಗ ಮಡಚಿಕೊಳ್ಳುವುದು ಗೋಡೆಯೇ ಹೊರತು ತಳವೂ ಅಲ್ಲ, ಮುಚ್ಚಳವೂ ಅಲ್ಲ. ಅವೆರಡೂ ಉಳಿಯುವ ಕಾರಣ ಕೈಯಂತ್ರದಲ್ಲಿ ಕ್ಯಾನನ್ನು ಎರಡು, ಎರಡೂವರೆ ಸೆಂಟಿಮೀಟರಿಗಿಂತ ತೆಳುವಾಗಿಸಲು ಹೆಣಗಾಡುವುದು ವ್ಯರ್ಥ. ಎರಡೂವರೆ ಸೆಂಟಿಮೀಟರಿಗೆ ತಂದರೂ ಅದೇ ಚೀಲದಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚು ಕ್ಯಾನು ಹಿಡಿಯುತ್ತದೆ, ನಿಮ್ಮ ಅಗತ್ಯಕ್ಕೆ ಅಷ್ಟು ಸಾಕು.

ಇನ್ನು ಬಲದ ವಿಚಾರ. ಎಲ್ಲಿಯೂ ತಗ್ಗಿಲ್ಲದ ಖಾಲಿ ಕ್ಯಾನನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ನೇರವಾಗಿ ಭಾರ ಹೇರಿದರೆ ಅದು 80ರಿಂದ 100 ಕೆ.ಜಿ.ವರೆಗೆ ತಾಳಿಕೊಳ್ಳಬಲ್ಲದು. ಮೆಲ್ಲಗೆ ಹತ್ತಿ ನಿಂತ ವ್ಯಕ್ತಿಯನ್ನೂ ಅದು ಹೊರುವುದುಂಟು. ಆದರೆ ಆ ಗೋಡೆಯಲ್ಲಿ ಎಲ್ಲಾದರೂ ಸಣ್ಣದೊಂದು ತಗ್ಗಿದ್ದರೆ ಈ ಶಕ್ತಿಯೆಲ್ಲ ಒಮ್ಮೆಲೇ ಕುಸಿಯುತ್ತದೆ. ಗಮನಿಸಿ ನೋಡಿದರೆ, ಕುಸಿಯುವ ಗಳಿಗೆಯಲ್ಲಿ ಗೋಡೆಯ ಸುತ್ತ ವಜ್ರದ ಆಕಾರದ ಮಡಿಕೆಗಳು ಸಾಲಾಗಿ ಮೂಡುತ್ತವೆ, ಒಂದು ಸಾಲು ಪೂರ್ತಿ ಮಡಚಿದ ಮೇಲೆ ಮುಂದಿನ ಸಾಲು ಆರಂಭವಾಗುತ್ತದೆ. ಮೊದಲ ಮಡಿಕೆಗೆ ಬೇಕಾದಷ್ಟು ಬಲ ಮುಂದಿನ ಮಡಿಕೆಗಳಿಗೆ ಬೇಕಾಗುವುದಿಲ್ಲ. ಆದ್ದರಿಂದ ಯಂತ್ರಕ್ಕೆ ಇಡುವ ಮೊದಲು ಕ್ಯಾನಿನ ನಡುವನ್ನು ಎರಡು ಹೆಬ್ಬೆರಳುಗಳಿಂದ ಎದುರುಬದುರಾಗಿ ಒಮ್ಮೆ ಅದುಮಿ ತಗ್ಗು ಮಾಡಿರಿ. ಈ ಒಂದು ಅಭ್ಯಾಸದಿಂದ ಹಿಡಿ ಎಳೆಯುವ ಶ್ರಮ ಬಹಳಷ್ಟು ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಟ್ಟಿಯಾಗಿ ತಡೆಹಿಡಿದಿದ್ದ ಕ್ಯಾನು ತಟಕ್ಕನೆ ಕುಸಿದು ಎಳೆಯುತ್ತಿದ್ದವರು ಮುಗ್ಗರಿಸುವುದು ತಪ್ಪುತ್ತದೆ.

ಕೈಯಂತ್ರ ಎಂದರೆ ಇಲ್ಲಿ ಶಾಲೆಯಲ್ಲಿ ಓದಿದ ಸನ್ನೆಯೇ. ಅರವತ್ತು ಸೆಂಟಿಮೀಟರ್ ಉದ್ದದ ಹಿಡಿಯ ಒಂದು ತುದಿಯನ್ನು ಕೀಲಿನಲ್ಲಿ ಕೂರಿಸಿ, ಆ ಕೀಲಿನಿಂದ 10 ಸೆಂ.ಮೀ. ದೂರದಲ್ಲಿ ಒತ್ತುವ ದಿಮ್ಮಿಯನ್ನು ಜೋಡಿಸಿದರೆ ನಿಮ್ಮ ಕೈಬಲ ಆರು ಪಟ್ಟಾಗುತ್ತದೆ. ಆಗ ನೂರು ಕೆ.ಜಿ. ಒತ್ತಡಕ್ಕೆ ನೀವು ಹಾಕಬೇಕಾದ ಭಾರ ಸುಮಾರು 17 ಕೆ.ಜಿ.; ಉಜ್ಜಾಟಕ್ಕೆ ಸ್ವಲ್ಪ ಸೇರಿಸಿಕೊಂಡರೂ ಹಿರಿಯರು ನಿರಾಯಾಸವಾಗಿ ಮಾಡಬಹುದಾದ ಕೆಲಸವಿದು.

ಚೌಕಟ್ಟನ್ನು ಪೂರ್ತಿ ಕಬ್ಬಿಣದಲ್ಲಿ ಮಾಡಿಸುವುದಕ್ಕಿಂತ ಮರದಲ್ಲಿ ಮಾಡಿಸುವುದನ್ನೇ ನಾನು ಇಷ್ಟಪಡುತ್ತೇನೆ. ಮರ ಸದ್ದನ್ನು ನುಂಗುತ್ತದೆ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಉಜ್ಜಿ ಸರಿಮಾಡಬಹುದು. ಮತ್ತಿ, ಹೊನ್ನೆ, ಹಳೆಯ ಬಾಗಿಲಿನಿಂದ ಉಳಿದ ತೇಗ, ಯಾವುದಾದರೂ ಆದೀತು. ಸಿಲ್ವರ್ ಓಕ್ ಮರ ಮತ್ತು ಪ್ಲೈವುಡ್ ಬೇಡ, ಬೋಲ್ಟಿನ ತೂತು ಬೇಗ ಸಡಿಲವಾಗುತ್ತದೆ. ಅರವತ್ತು ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, 3 ಸೆಂ.ಮೀ. ದಪ್ಪದ ಹಲಗೆಯೊಂದು ಗೋಡೆಗೆ ಅಂಟಿಕೊಂಡು ಬೆನ್ನಾಗಿರಲಿ. ಅದರ ಎರಡೂ ಅಂಚಿಗೆ 16 ಸೆಂ.ಮೀ. ಮುಂದಕ್ಕೆ ಚಾಚಿದ ಪಕ್ಕದ ಹಲಗೆಗಳನ್ನು ನಿಲ್ಲಿಸಿ, ಅವುಗಳ ನಡುವೆ ಸರಿಯಾಗಿ 9 ಸೆಂ.ಮೀ. ಅಂತರ ಬಿಡಬೇಕು. ಮುಂಭಾಗ ತೆರೆದೇ ಇರುತ್ತದೆ, ಕ್ಯಾನು ಇಡುವುದೂ ತೆಗೆಯುವುದೂ ಅಲ್ಲಿಂದಲೇ. ಕೆಳಗೆ ಪೀಠ, ಅದರ ಮೇಲೆ 6 ಮಿ.ಮೀ. ದಪ್ಪದ ಎಂ.ಎಸ್. (ಮೃದು ಉಕ್ಕಿನ) ತಗಡು, ತಗಡಿನ ನಡುವೆ ಉಳಿದ ಪಾನೀಯ ಸೋರಿಹೋಗಲು ಬೆರಳು ಗಾತ್ರದ ತೂತು. ನೂರು ಕೆ.ಜಿ.ಯ ಒತ್ತಡವೆಲ್ಲ ಬಂದು ಬೀಳುವುದು ಈ ಪೀಠದ ಮೇಲೆ. ಆದ್ದರಿಂದ ಅದನ್ನು ಬರೀ ಮೊಳೆ ಹೊಡೆದು ನಿಲ್ಲಿಸದೆ, ಅಡಿಯಲ್ಲಿ ಕಬ್ಬಿಣದ ಆ್ಯಂಗಲ್‌ನಿಂದ (ಎಲ್ ಆಕಾರದ ಪಟ್ಟಿಯಿಂದ) ಮಾಡಿದ ಎರಡು ಬ್ರ್ಯಾಕೆಟ್ ಕೊಟ್ಟು, ಬೆನ್ನಿನ ಹಲಗೆಗೆ ನಟ್ಟು ಬೋಲ್ಟಿನಿಂದ ಬಿಗಿಯಬೇಕು.

ಹಿಡಿಯ ಕೀಲು ಪೀಠದಿಂದ 31 ಸೆಂ.ಮೀ. ಮೇಲಿರಲಿ. ಕೀಲಿನ ಬೋಲ್ಟು ಬೆನ್ನಿನ ಹಲಗೆಗೆ ಹತ್ತಿರದಲ್ಲಿ, ಎರಡೂ ಪಕ್ಕದ ಹಲಗೆಗಳನ್ನು ದಾಟಿ ಹೋಗಬೇಕು, 12 ಮಿ.ಮೀ. ಬೋಲ್ಟು, ಎರಡೂ ಕಡೆ ವಾಷರ್. ಹಿಡಿಗೆ 25 ಮಿ.ಮೀ.ನ ಚೌಕ ಪೈಪು ಸಾಕು. ಕ್ಯಾನಿನ ನಡುಗೆರೆ ಕೀಲಿನಿಂದ 9 ಸೆಂ.ಮೀ. ಮುಂದಕ್ಕೆ ಬರುವಂತೆ ಪೀಠದ ಮೇಲೆ ಗುರುತು ಹಾಕಿಕೊಳ್ಳಿ. ಒತ್ತುವ ದಿಮ್ಮಿ ಎಂಟು ಸೆಂ.ಮೀ. ಎತ್ತರವಿದ್ದು, ಅದರ ಅಡಿಯಲ್ಲೂ ಒಂದು ತಗಡಿರಲಿ. ಹಿಡಿಯ ಮೇಲೆ ಕೀಲಿನಿಂದ 10 ಸೆಂ.ಮೀ. ದೂರದ ಬಿಂದುವನ್ನೂ ದಿಮ್ಮಿಯ ನೆತ್ತಿಯನ್ನೂ ಎರಡು ಕಬ್ಬಿಣದ ಪಟ್ಟಿಗಳು ಸೇರಿಸುತ್ತವೆ. ಪಟ್ಟಿಯ ಒಂದು ತೂತಿನ ನಡುವಿನಿಂದ ಇನ್ನೊಂದು ತೂತಿನ ನಡುವಿಗೆ 15 ಸೆಂ.ಮೀ. ಹೀಗೆ ಮಾಡಿದಾಗ ಹಿಡಿ ಅಡ್ಡಗೆರೆಯಿಂದ ಸುಮಾರು 33 ಡಿಗ್ರಿ ಮೇಲೆದ್ದಾಗ ದಿಮ್ಮಿಯ ಕೆಳಗೆ 13 ಸೆಂ.ಮೀ.ಗಿಂತ ತುಸು ಹೆಚ್ಚು ಜಾಗ ಸಿಗುತ್ತದೆ, ಅಷ್ಟೇ ಡಿಗ್ರಿ ಕೆಳಗಿಳಿದಾಗ ಎರಡೂವರೆ ಸೆಂ.ಮೀ. ಉಳಿಯುತ್ತದೆ. ಅರ್ಧ ಲೀಟರಿನ ಉದ್ದ ಕ್ಯಾನು ಸುಮಾರು 17 ಸೆಂ.ಮೀ. ಇರುವುದರಿಂದ ಇದರಲ್ಲಿ ನೇರವಾಗಿ ಹಿಡಿಯುವುದಿಲ್ಲ. ಅಂಥವನ್ನು ನಡುವಿನಲ್ಲಿ ಕೈಯಿಂದಲೇ ಮಡಚಿ ಗಿಡ್ಡ ಮಾಡಿಕೊಂಡು ಇಡಬೇಕಾಗುತ್ತದೆ.

ಇಡೀ ಯಂತ್ರದಲ್ಲಿ ಅತ್ಯಂತ ಎಚ್ಚರದಿಂದ ಮಾಡಬೇಕಾದ ಭಾಗ ಯಾವುದೆಂದು ಕೇಳಿದರೆ, ದಿಮ್ಮಿ ನೇರವಾಗಿ ಇಳಿಯುವ ದಾರಿ ಎಂದೇ ನಾನು ಹೇಳುತ್ತೇನೆ. ದಿಮ್ಮಿ ಒಂದಿಷ್ಟು ಓರೆಯಾದರೂ ಕ್ಯಾನು ಒಂದು ಮಗ್ಗುಲಿಗೆ ವಾಲಿ, ಅರ್ಧ ಮಡಚಿ, ಹೊರಕ್ಕೆ ಚಿಮ್ಮುತ್ತದೆ. ಹಿಡಿ ಉದ್ದವಾದಷ್ಟೂ ಒಳ್ಳೆಯದೆಂದು ಎಷ್ಟೋ ಜನ ಮೀಟರ್ ಉದ್ದದ ಪೈಪು ಹಾಕಿಸುತ್ತಾರೆ. ಓರೆಯಾಗಿ ಇಳಿಯುವ ಯಂತ್ರಕ್ಕೆ ಬಲ ಹೆಚ್ಚಿದಷ್ಟೂ ಕೆಡುಕೇ ಹೆಚ್ಚು. ಇದಕ್ಕೆ ಪರಿಹಾರ ಸುಲಭವಾಗಿದೆ. ಎರಡೂ ಪಕ್ಕದ ಹಲಗೆಗಳಲ್ಲಿ ಮೇಲಿನಿಂದ ಕೆಳಕ್ಕೆ 10 ಮಿ.ಮೀ.ಗಿಂತ ಕೂದಲೆಳೆಯಷ್ಟು ಅಗಲವಾದ ಸೀಳು ತೆಗೆದು, ದಿಮ್ಮಿಯ ಮೂಲಕ ಒಂದರ ಮೇಲೊಂದು ಬರುವಂತೆ ಎರಡು 10 ಮಿ.ಮೀ. ಬೋಲ್ಟುಗಳನ್ನು ಹಾಯಿಸಿ, ಅವು ಆ ಸೀಳಿನಲ್ಲಿ ಓಡಾಡುವಂತೆ ಮಾಡಿರಿ. ಒಂದೇ ಬೋಲ್ಟು ಹಾಕಿದರೆ ದಿಮ್ಮಿ ಅದರ ಸುತ್ತ ತಿರುಗುತ್ತದೆ. ಎರಡು ಹಾಕಿದರೆ ತಿರುಗಲು ಆಸ್ಪದವಿಲ್ಲ. ಸೀಳಿನ ಅಂಚಿಗೆ ಮೇಣದಬತ್ತಿ ಉಜ್ಜಿದರೆ ಸಾಕು. ಎಣ್ಣೆ ಹಚ್ಚಬಾರದು, ಧೂಳು ಕೂತು ಮರ ಕಚ್ಚಿಕೊಳ್ಳುತ್ತದೆ.

ದಿಮ್ಮಿ ಎರಡೂವರೆ ಸೆಂ.ಮೀ.ನಲ್ಲಿ ನಿಲ್ಲಲು ಪೀಠದ ಎರಡೂ ಬದಿಗೆ ಅಷ್ಟೇ ಎತ್ತರದ ಮರದ ತುಂಡುಗಳನ್ನು ತಡೆಯಾಗಿ ಕೂರಿಸಿ. ಹಿಡಿ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳದಂತೆ ಮೇಲೊಂದು ಕೊಂಡಿ ಕಡ್ಡಾಯವಾಗಿ ಬೇಕು. ಮಕ್ಕಳು ಓಡಾಡುವ ಜಾಗವಾದರೆ ಆ ಕೊಂಡಿಗೊಂದು ಬೀಗವೂ ಇರಲಿ. ಗೋಡೆಗೆ ಕೂರಿಸುವಾಗ ಆಂಕರ್ ಬೋಲ್ಟುಗಳನ್ನು ಕಾಂಕ್ರೀಟ್ ಕಂಬಕ್ಕೆ ಅಥವಾ ಗಟ್ಟಿ ಇಟ್ಟಿಗೆಗೆ ಹೊಡೆಯಬೇಕು. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಒಳಗೋಡೆಗೆ ಟೊಳ್ಳು ಬ್ಲಾಕು ಬಳಸುವುದರಿಂದ ಅಲ್ಲಿ ಬೋಲ್ಟು ನಿಲ್ಲುವುದಿಲ್ಲ. ನೆಲಮಾಳಿಗೆಯ ಕಂಬವೇ ನಿಮಗೆ ತಕ್ಕ ಜಾಗವೆಂದು ತೋರುತ್ತದೆ. ಹಿಡಿ ಅಡ್ಡವಾಗಿರುವಾಗ ಎಳೆಯುವವರ ಎದೆಮಟ್ಟಕ್ಕೆ ಬರಲಿ, ಆಗ ತೋಳಿನ ಬದಲು ಮೈಭಾರ ಕೆಲಸ ಮಾಡುತ್ತದೆ. ದಪ್ಪ ಕೈಗವಸು ಮತ್ತು ಕನ್ನಡಕವನ್ನು ಯಂತ್ರದ ಪಕ್ಕದಲ್ಲೇ ನೇತುಹಾಕಿ, ಹಾಕಿಕೊಳ್ಳದೆ ಯಾರೂ ಹಿಡಿ ಮುಟ್ಟಬಾರದೆಂದು ಸಂಘದಿಂದಲೇ ನಿಯಮ ಮಾಡಿರಿ.

ಒಂದು ಮಾತು ಉಳಿಯಿತು. ಕ್ಯಾನುಗಳನ್ನು ಬೋಸಿಯ ನೀರಿನಲ್ಲಿ ಒಮ್ಮೆ ಅಲುಬಿ, ಬೋರಲು ಹಾಕಿ ಒಣಗಿಸಿದ ಮೇಲೆಯೇ ಅದುಮಬೇಕು. ಸಕ್ಕರೆಯ ಅಂಟು ಉಳಿದರೆ ಇರುವೆ, ಕಣಜ ಮುತ್ತುತ್ತವೆ. ಮಳೆಗಾಲದಲ್ಲಿ ಬಯಲಲ್ಲಿ ಬಿದ್ದ ಬಾಯ್ತೆರೆದ ಕ್ಯಾನಿನಲ್ಲಿ ನಿಲ್ಲುವ ಅಂಗೈಯಷ್ಟು ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡಲು ಸಾಕು. ಅದುಮಿ ಮುಚ್ಚಿಟ್ಟ ಕ್ಯಾನಿನಿಂದ ಆ ಅಪಾಯವೂ ತಪ್ಪುತ್ತದೆ.

ಪ್ರಶ್ನೆ: ಮಂಡ್ಯದಲ್ಲಿ ಸಣ್ಣ ಬೇಕರಿ ನಡೆಸುತ್ತಿದ್ದೇನೆ. ಕ್ಯಾನುಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಗುಜರಿಗೆ ಒಯ್ದರೆ, ಅಂಗಡಿಯವರು ತೂಕದಲ್ಲಿ ಕಳೆಯುತ್ತಾರೆ, ಕೆಲವೊಮ್ಮೆ ಬೇಡವೆಂದೇ ಹೇಳುತ್ತಾರೆ. ಹಾಗಾದರೆ ಅದುಮುವುದೇ ತಪ್ಪೇ?

ಉತ್ತರ: ಅದುಮುವುದು ತಪ್ಪಲ್ಲ, ಅದುಮಿದ ರೀತಿ ಅವರಿಗೆ ಅನುಮಾನ ತಂದಿರಬೇಕು. ಗುಜರಿಯವರ ಕಡೆಯಿಂದ ಯೋಚಿಸಿದರೆ ಅವರ ಹಿಂಜರಿಕೆಗೆ ಅರ್ಥವಿದೆ. ತೂಕ ಹೆಚ್ಚಿಸಲು ಕ್ಯಾನಿನೊಳಗೆ ಮರಳೋ ಕಲ್ಲೋ ತುಂಬಿ ಬಡಿದು ತರುವವರಿದ್ದಾರೆ. ಸುತ್ತಿಗೆಯಿಂದ ಮುದ್ದೆಯಾದ ಕ್ಯಾನಿನ ಬಾಯಿಯೂ ಕಾಣುವುದಿಲ್ಲ, ಒಳಗೇನಿದೆಯೆಂದೂ ತಿಳಿಯುವುದಿಲ್ಲ. ಮುಂದೆ ಅದನ್ನು ಕರಗಿಸುವ ಕಡೆ ಕಲ್ಲು, ನೀರು ಸಿಕ್ಕರೆ ಸರಕನ್ನೇ ತಿರಸ್ಕರಿಸುವುದುಂಟು, ಆ ನಷ್ಟ ಗುಜರಿಯವರ ತಲೆಗೇ ಬರುತ್ತದೆ.

ಮೇಲಿನ ಉತ್ತರದಲ್ಲಿ ಹೇಳಿದಂತೆ ತಲೆಯಿಂದ ತಳಕ್ಕೆ ನೇರವಾಗಿ ಅದುಮಿದರೆ ಕ್ಯಾನು ಬಿಲ್ಲೆಯಾಗುತ್ತದೆ. ಮುಚ್ಚಳ ಮೇಲೆ, ಬಾಯಿ ಕಣ್ಣಿಗೆ ಕಾಣುವಂತೆ ಉಳಿಯುತ್ತದೆ, ಅಲ್ಲಾಡಿಸಿದರೆ ಒಳಗೇನಾದರೂ ಇದ್ದರೆ ಸದ್ದಾಗುತ್ತದೆ. ಅಂಥ ಬಿಲ್ಲೆಗಳನ್ನು ಪಾರದರ್ಶಕ ಚೀಲದಲ್ಲಿ ತುಂಬಿ ಒಯ್ಯಿರಿ. ಜೊತೆಗೊಂದು ಅಯಸ್ಕಾಂತ ಇಟ್ಟುಕೊಂಡು ಅವರ ಕಣ್ಣೆದುರೇ ಚೀಲದ ಮೇಲೆ ಆಡಿಸಿರಿ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ರಸಗುಲ್ಲ, ಅನಾನಸ್ ಹೋಳು ಮುಂತಾದವು ಬರುವ ಡಬ್ಬಗಳು ಬಹುಪಾಲು ತವರ ಬಳಿದ ಉಕ್ಕಿನವಾದ್ದರಿಂದ ಅಂಟುತ್ತವೆ. ಬೇಕರಿಯಲ್ಲಿ ಈ ಎರಡೂ ಬಗೆಯವು ಸಿಗುವುದರಿಂದ ನೀವು ಮೊದಲೇ ಬೇರ್ಪಡಿಸಿಟ್ಟರೆ ಅವರಿಗೆ ನಿಮ್ಮ ಸರಕಿನ ಮೇಲೆ ನಂಬಿಕೆ ಬರುತ್ತದೆ. ಹೊಸದಾಗಿ ಕೊಡುವ ಅಂಗಡಿಯಾದರೆ, ಅದುಮಿದ್ದು ಬೇಕೋ ಇಡಿಯಾಗಿ ಬೇಕೋ ಎಂದು ಮೊದಲೇ ಕೇಳಿಕೊಳ್ಳುವುದರಲ್ಲಿ ನಷ್ಟವೇನಿಲ್ಲ.

ಅದುಮಿದ ಮಾತ್ರಕ್ಕೆ ತೂಕವೂ ಹೆಚ್ಚುವುದಿಲ್ಲ, ದರವೂ ಏರುವುದಿಲ್ಲ. ನಿಮಗೆ ಉಳಿಯುವುದು ಜಾಗ ಮತ್ತು ಓಡಾಟ. ಆದರೂ ಈ ಲೋಹವನ್ನು ಕಸದ ಗುಂಡಿಗೆ ಹೋಗಗೊಡಬಾರದೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಟನ್ ಅಲ್ಯೂಮಿನಿಯಂ ಪಡೆಯಲು ಸುಮಾರು ನಾಲ್ಕು ಟನ್ ಬಾಕ್ಸೈಟ್ ಅದಿರು ಅಗೆಯಬೇಕು. ಅದನ್ನು ಬೆಳಗಾವಿಯಲ್ಲಿರುವಂಥ ಕಾರ್ಖಾನೆಯಲ್ಲಿ ಅಲ್ಯೂಮಿನಾ ಎಂಬ ಬಿಳಿ ಪುಡಿಯಾಗಿಸಿ, ಆ ಪುಡಿಯನ್ನು ಕರಗಿಸಿ ವಿದ್ಯುತ್ ಹಾಯಿಸಿ ಲೋಹವನ್ನು ಬೇರ್ಪಡಿಸಬೇಕು. ಈ ಕೊನೆಯ ಹಂತದಲ್ಲಿ ಪ್ರತಿ ಕೆ.ಜಿ.ಗೆ ಸುಮಾರು 14 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಹಳೆಯ ಅಲ್ಯೂಮಿನಿಯಂ ಅನ್ನು ಮತ್ತೆ ಕರಗಿಸಲು ಬೇಕಾಗುವ ಶಕ್ತಿ, ಅದಿರಿನಿಂದ ತೆಗೆಯಲು ಬೇಕಾಗುವುದರ ನೂರಕ್ಕೆ ಐದರಷ್ಟು ಮಾತ್ರ. ಲೆಕ್ಕ ಹಾಕಿದರೆ ನೀವು ಉಳಿಸಿದ ಒಂದು ಕ್ಯಾನಿನ ಶಕ್ತಿಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 20 ಗಂಟೆ ಉರಿಯುತ್ತದೆ.

ಪ್ರಶ್ನೆ: ನಾನು ಮಂಡ್ಯದಲ್ಲಿ ಐಟಿಐ ಓದುತ್ತಿರುವ ವಿದ್ಯಾರ್ಥಿ. ಪ್ರಾಜೆಕ್ಟಿಗಾಗಿ ಗಾಳಿಯ ಒತ್ತಡದಿಂದ ನಡೆಯುವ ಕ್ಯಾನು ಅದುಮುವ ಯಂತ್ರ ಮಾಡಬೇಕೆಂದಿದ್ದೇವೆ. ಯಾವ ಅಳತೆಯ ಸಿಲಿಂಡರ್ ಬೇಕು?

ಉತ್ತರ: ವರ್ಕ್‌ಶಾಪಿನ ಕಂಪ್ರೆಸರಿನಲ್ಲಿ 6 ಬಾರ್ ಒತ್ತಡ ಸಿಗುತ್ತದೆಂದು ಇಟ್ಟುಕೊಳ್ಳೋಣ. ಒಳವ್ಯಾಸ 50 ಮಿ.ಮೀ. ಇರುವ ಸಿಲಿಂಡರಿನ ಕೊಂತದ (ಪಿಸ್ಟನ್ನಿನ) ವಿಸ್ತೀರ್ಣ 19.6 ಚದರ ಸೆಂ.ಮೀ.; ಅದು ಕೊಡುವ ಬಲ ಲೆಕ್ಕದಲ್ಲಿ ಸುಮಾರು 120 ಕೆ.ಜಿ. ಉಜ್ಜಾಟ ಮತ್ತು ಕೊಳವೆಯಲ್ಲಿನ ಸೋರಿಕೆ ಕಳೆದರೆ ತಗ್ಗಿಲ್ಲದ ಕ್ಯಾನಿಗೆ ಇದು ತೀರಾ ಅಂಚಿನ ಅಳತೆಯಾಗುತ್ತದೆ. ಒಳವ್ಯಾಸ 63 ಮಿ.ಮೀ. ಇರುವುದನ್ನು ಆರಿಸಿಕೊಂಡರೆ 180 ಕೆ.ಜಿ.ಗಿಂತ ಹೆಚ್ಚು ಬಲ ದೊರೆತು ನೆಮ್ಮದಿಯಿಂದ ಕೆಲಸ ಮಾಡಬಹುದು. ಕೊಂತದ ಓಟ 125 ಮಿ.ಮೀ. ಇರಲಿ.

ಸಿಲಿಂಡರನ್ನು ಮಲಗಿಸಿ ಕೂರಿಸಿರಿ. ಕ್ಯಾನು ಮಲಗುವ ದೋಣಿಯಾಕಾರದ ಹಾಸಿನಲ್ಲಿ, ಎದುರಿನ ತಗಡಿಗೆ ಒತ್ತಿದಂತೆ 4 ಸೆಂ.ಮೀ. ಅಗಲದ ಕಿಂಡಿ ಬಿಟ್ಟರೆ ಇಡಿಯಾದ ಕ್ಯಾನು ಅದರಲ್ಲಿ ಬೀಳುವುದಿಲ್ಲ, ಅದುಮಿದ ಬಿಲ್ಲೆ ಮಾತ್ರ ಕೊಂತ ಹಿಂದೆ ಸರಿದ ಕೂಡಲೇ ಕೆಳಗಿನ ಬುಟ್ಟಿಗೆ ತಾನಾಗಿ ಬೀಳುತ್ತದೆ. ಕೈಹಾಕಿ ತೆಗೆಯುವ ಪ್ರಮೇಯವೇ ಬರುವುದಿಲ್ಲ. ಈ ಕಿಂಡಿಯನ್ನು ನಿಮ್ಮ ವಿನ್ಯಾಸದ ಮುಖ್ಯ ಅಂಶವೆಂದು ಪರೀಕ್ಷಕರಿಗೆ ತೋರಿಸಿರಿ, ಅದು ಯಂತ್ರದ ವೇಗಕ್ಕಿಂತ ಹೆಚ್ಚಿನ ಮಾತು.

ಕೈಯಂತ್ರದಲ್ಲಿ ಬೆರಳಿಗೆ ನೋವಾದರೆ ಎಳೆಯುವವರು ನಿಲ್ಲಿಸುತ್ತಾರೆ, ಗಾಳಿಯ ಸಿಲಿಂಡರ್ ನಿಲ್ಲಿಸುವುದಿಲ್ಲ. ಆದ್ದರಿಂದ ಅದುಮುವ ಜಾಗವನ್ನು ಪೂರ್ತಿ ಮುಚ್ಚಿ, ಮುಚ್ಚಳ ತೆರೆದಿರುವಾಗ ಗಾಳಿ ಹೋಗದಂತೆ ಲಿಮಿಟ್ ಸ್ವಿಚ್ ಹಾಕಲೇಬೇಕು. ಎರಡು ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ನಡೆಯುವ ವ್ಯವಸ್ಥೆ ಇನ್ನೂ ಉತ್ತಮ. ಈ ಎರಡರಲ್ಲಿ ಒಂದೂ ಇಲ್ಲದ ಯಂತ್ರಕ್ಕೆ ಗಾಳಿಯ ಕೊಳವೆ ಜೋಡಿಸಬೇಡಿ, ಪ್ರದರ್ಶನದ ದಿನ ಎಷ್ಟೇ ಹತ್ತಿರವಿದ್ದರೂ ಸರಿ.

ಪ್ರಶ್ನೆ: ಶ್ರೀರಂಗಪಟ್ಟಣದ ಬಳಿ ನಮ್ಮ ತೋಟವಿದೆ. ಅದುಮಿದ ಕ್ಯಾನುಗಳನ್ನು ಇದ್ದಿಲ ಒಲೆಯಲ್ಲಿ ಕರಗಿಸಿ ಗಟ್ಟಿ ಮಾಡಿ ಮಾರಿದರೆ ಹೆಚ್ಚು ಬೆಲೆ ಸಿಗುತ್ತದೆಂದು ಮಗ ಹೇಳುತ್ತಾನೆ. ಮಾಡಬಹುದೇ?

ಉತ್ತರ: ದಯವಿಟ್ಟು ಮಾಡಬೇಡಿ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದು ನಿಜ, ತಿದಿ ಒತ್ತಿದ ಇದ್ದಿಲ ಕುಲುಮೆಗೆ ಅದು ಅಸಾಧ್ಯವಲ್ಲ. ಆದರೆ ಅದುಮಿದ ಕ್ಯಾನಿನ ಮಡಿಕೆಯಲ್ಲಿ ಉಳಿದ ಒಂದು ಹನಿ ನೀರು ಕರಗಿದ ಲೋಹದೊಳಗೆ ಮುಳುಗಿದರೆ ಕ್ಷಣದಲ್ಲಿ ಆವಿಯಾಗಿ, ಕಾದ ಲೋಹವನ್ನು ಸುತ್ತಲಿದ್ದವರ ಮುಖಕ್ಕೆ ಎರಚುತ್ತದೆ. ಕ್ಯಾನಿನ ಹೊರಗಡೆ ಬಣ್ಣವಿದೆ, ಒಳಗಡೆ ಪಾನೀಯ ಲೋಹಕ್ಕೆ ತಾಗದಂತೆ ಲೇಪಿಸಿದ ತೆಳು ಪದರವಿದೆ. ಇವೆರಡೂ ಉರಿದಾಗ ಏಳುವ ಹೊಗೆ ಉಸಿರಾಟಕ್ಕೆ ಕೆಟ್ಟದ್ದು. ಕಾರ್ಖಾನೆಗಳಲ್ಲಿ ಮೊದಲು ಕ್ಯಾನನ್ನು ಚೂರು ಮಾಡಿ, ಪ್ರತ್ಯೇಕ ಕುಲುಮೆಯಲ್ಲಿ ಈ ಲೇಪವನ್ನು ಸುಟ್ಟು, ಹೊಗೆಯನ್ನು ಶುದ್ಧಿಮಾಡಿದ ಮೇಲೆಯೇ ಕರಗಿಸುತ್ತಾರೆ.

ಲಾಭವೂ ಇಲ್ಲ. ಇಷ್ಟು ತೆಳುವಾದ ತಗಡನ್ನು ಬಯಲು ಒಲೆಗೆ ಹಾಕಿದಾಗ ಅದರ ಸಾಕಷ್ಟು ಭಾಗ ಕರಗುವ ಬದಲು ಗಾಳಿಯೊಂದಿಗೆ ಸೇರಿ ಬೂದು ಬಣ್ಣದ ಕಿಟ್ಟವಾಗುತ್ತದೆ. ಕ್ಯಾನಿನ ಮೈ ಮ್ಯಾಂಗನೀಸ್ ಬೆರೆತ ಮಿಶ್ರಲೋಹ, ಮುಚ್ಚಳ ಮೆಗ್ನೀಸಿಯಂ ಹೆಚ್ಚಿರುವ ಬೇರೆ ಮಿಶ್ರಲೋಹ. ಎರಡೂ ಕಲೆತ ಗಟ್ಟಿಯಲ್ಲಿ ಏನೆಷ್ಟಿದೆಯೆಂದು ಕೊಳ್ಳುವವರಿಗೆ ತಿಳಿಯದು. ಕ್ಯಾನು ಕ್ಯಾನಿನ ರೂಪದಲ್ಲಿದ್ದರೆ ಮಾತ್ರ ಅದು ಮತ್ತೆ ಕ್ಯಾನಾಗುವ ದಾರಿ ಸುಗಮ. ಮಗನಿಗೆ ಲೋಹದ ಕೆಲಸದಲ್ಲಿ ಆಸಕ್ತಿಯಿದ್ದರೆ ಮೇಲೆ ವಿವರಿಸಿದ ಕೈಯಂತ್ರವನ್ನು ಮಾಡಲಿ, ಅದರಲ್ಲಿ ಕಲಿಯುವುದು ಬೇಕಾದಷ್ಟಿದೆ.

ಪ್ರಶ್ನೆ: ಸರಸ್ವತಿಪುರಂನ ಗೃಹಿಣಿ ನಾನು. ಕ್ಯಾನಿನ ಮೇಲಿನ ಎಳೆಯುವ ಕಿವಿಯನ್ನು ಕಿತ್ತು ಬೇರೆ ಇಡಬೇಕೆ? ಮೈಗೆ ಹೊಡೆದುಕೊಳ್ಳುವ ಸೆಂಟಿನ ಡಬ್ಬಿ, ಸೊಳ್ಳೆಗೆ ಹೊಡೆಯುವ ಔಷಧದ ಡಬ್ಬಿಗಳನ್ನೂ ಹೀಗೆ ಅದುಮಬಹುದೆ?

ಉತ್ತರ: ಕಿವಿಯನ್ನು ಕೀಳಬೇಡಿ. ಅದೂ ಅಲ್ಯೂಮಿನಿಯಮ್ಮೇ, ಬಿಡಿಯಾಗಿದ್ದರೆ ಅಷ್ಟು ಸಣ್ಣ ತುಂಡು ಬೇರ್ಪಡಿಸುವವರ ಕೈಯಿಂದ ಜಾರಿ ಕಸದಲ್ಲೇ ಕಳೆದುಹೋಗುತ್ತದೆ. ನಮ್ಮ ನಗರದಲ್ಲಿ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಂಥ ಕಡೆಗಳಲ್ಲಿ ಒಣ ಕಸವನ್ನು ಜನ ಕೈಯಾರೆ ಆರಿಸುತ್ತಾರೆ. ಮೈಸೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲನೆಯದಾಗಿ ಬಂದುದರ ಹಿಂದೆ ಅವರ ದುಡಿಮೆ ಬಹಳ ದೊಡ್ಡದು. ಅವರ ಕೈಗೆ ಚೂಪು ತುಂಡುಗಳು ಸಿಗದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಅದುಮುವಾಗ ಹರಿದ ಕ್ಯಾನಿದ್ದರೆ ದಪ್ಪ ಕಾಗದದಲ್ಲಿ ಸುತ್ತಿ, ಒಣ ಕಸದೊಂದಿಗೆ ಕೊಡುವಾಗ ಬಾಯಿಮಾತಿನಲ್ಲಿ ಹೇಳಿಯೇ ಕೊಡಿ.

ಸೆಂಟು, ಶೇವಿಂಗ್ ಫೋಮ್, ಸೊಳ್ಳೆ ಔಷಧ ಮುಂತಾದ ಸಿಂಪಡಿಸುವ ಡಬ್ಬಿಗಳನ್ನು ಯಾವ ಕಾರಣಕ್ಕೂ ಅದುಮಬಾರದು, ತೂತು ಮಾಡಬಾರದು, ಬೆಂಕಿಗೆ ಹಾಕಬಾರದು. ಗುಂಡಿ ಒತ್ತಿದರೆ ಏನೂ ಬಾರದಿದ್ದಾಗಲೂ ಅದರೊಳಗೆ ಅಡುಗೆ ಅನಿಲದ ಜಾತಿಯ, ಬೇಗ ಹೊತ್ತಿಕೊಳ್ಳುವ ಅನಿಲ ಒತ್ತಡದಲ್ಲಿ ಉಳಿದಿರುತ್ತದೆ. ಅವನ್ನು ತಂಪುಪಾನೀಯದ ಕ್ಯಾನುಗಳ ಚೀಲಕ್ಕೆ ಸೇರಿಸದೆ ಪ್ರತ್ಯೇಕವಾಗಿಟ್ಟು, ಮನೆಯ ಅಪಾಯಕಾರಿ ಕಸವೆಂದು ತಿಳಿಸಿ ಪೌರಕಾರ್ಮಿಕರಿಗೆ ಇಡಿಯಾಗಿಯೇ ಒಪ್ಪಿಸಿ.